ಲಿಥಿಯಂ-11 ನಿಜಕ್ಕೂ ಸೀಸದಷ್ಟು ದೊಡ್ಡದೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯ ವಿಜ್ಞಾನ ಪುಟದಲ್ಲಿ ‘ಲಿಥಿಯಂ-11 ಎಂಬ ಪುಟ್ಟ ನ್ಯೂಕ್ಲಿಯಸ್ ಸೀಸದ ನ್ಯೂಕ್ಲಿಯಸ್‌ನಷ್ಟು ದೊಡ್ಡದು’ ಎಂಬ ಸಾಲು ಅಚ್ಚಾಗಿತ್ತು. ಆ ಲೇಖನ ಓದಿ ಮುಂಬಯಿ, ಪುಣೆ, ಗೋವಾದಿಂದ ಬಂದ ಪತ್ರಗಳಲ್ಲಿ ಐದಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ (ಮಾಟುಂಗಾ): ಮೂರು ಪ್ರೋಟಾನ್, ಎಂಟು ನ್ಯೂಟ್ರಾನ್ ಸೇರಿದ ಕಾಳೊಂದು 208 ಕಣಗಳ ಸೀಸದಷ್ಟು ದೊಡ್ಡದು ಹೇಗಾದೀತು? ಕಣ್ಣಿಗೆ ಕಾಣದ್ದನ್ನು ಅಳೆದ ಅಳತೆಗೋಲು ಯಾವುದು?

ಉತ್ತರ: ನಿಮ್ಮ ಅನುಮಾನ ಅರ್ಧ ಸರಿ. ಆ ಸಾಲನ್ನು ಅಷ್ಟು ಮೊಟಕಾಗಿ ಬರೆದದ್ದು ನಮ್ಮ ತಪ್ಪು.

ಇಲ್ಲಿ ಅಳತೆಗೋಲು ಅಂದರೆ ಬರೀ ಎಣಿಕೆ. 1985ರಲ್ಲಿ ಇಸಾವೊ ತನಿಹಾತಾ ಮತ್ತು ಸಂಗಡಿಗರು ಅಮೆರಿಕದ ಬರ್ಕ್ಲಿಯ ಬೆವಲಾಕ್ ವೇಗವರ್ಧಕದಲ್ಲಿ ಲಿಥಿಯಂನ ಐಸೊಟೋಪುಗಳನ್ನು (ಪ್ರೋಟಾನ್ ಅಷ್ಟೇ ಇದ್ದು ನ್ಯೂಟ್ರಾನ್ ಸಂಖ್ಯೆ ಬೇರೆಯಾದ ರೂಪಗಳನ್ನು) ಬೆರಿಲಿಯಂ, ಕಾರ್ಬನ್, ಅಲ್ಯುಮಿನಿಯಂ ಫಲಕಗಳ ಮೂಲಕ ಹಾಯಿಸಿದರು. ಒಂದೊಂದು ನ್ಯೂಕ್ಲಿಯಾನ್‌ಗೆ, ಅಂದರೆ ಪ್ರೋಟಾನ್ ಇಲ್ಲವೇ ನ್ಯೂಟ್ರಾನಿಗೆ, ಸುಮಾರು 790 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಶಕ್ತಿ. ಫಲಕದ ಮುಂದೆ ಎಷ್ಟು ಬಂದವು, ಹಿಂದೆ ರೂಪ ಕೆಡದೆ ಎಷ್ಟು ಹೊರಬಿದ್ದವು ಎಂದು ಎಣಿಸಿದರು. ನ್ಯೂಕ್ಲಿಯಸ್ ದಪ್ಪ ಇದ್ದಷ್ಟೂ ತಾಗುವುದು ಹೆಚ್ಚು, ಉಳಿಯುವುದು ಕಡಿಮೆ.

ಲೆಕ್ಕ ನೋಡಿ. ಪ್ರತಿ ಚದರ ಸೆಂಟಿಮೀಟರಿಗೆ 2 ಗ್ರಾಂ ಇರುವ ಕಾರ್ಬನ್ ಫಲಕ ಇಟ್ಟುಕೊಳ್ಳೋಣ. 10,000 ಲಿಥಿಯಂ-9 ಬಿಟ್ಟರೆ ಸುಮಾರು 770 ಒಡೆದುಹೋಗುತ್ತವೆ. 10,000 ಲಿಥಿಯಂ-11 ಬಿಟ್ಟರೆ ಸುಮಾರು 1,000. ಢಿಕ್ಕಿಗೆ ಸಿಗುವ ಹರವು, ಅಂದರೆ ಅಡ್ಡಛೇದ, ಮೊದಲನೆಯದಕ್ಕೆ ಸುಮಾರು 800 ಮಿಲಿಬಾರ್ನ್ (ನ್ಯೂಕ್ಲಿಯಸ್ ಮಟ್ಟದ ವಿಸ್ತೀರ್ಣದ ಅಳತೆ), ಎರಡನೆಯದಕ್ಕೆ ಸುಮಾರು 1,050. ಇದನ್ನು ವೃತ್ತದ ವಿಸ್ತೀರ್ಣ ಅಂದುಕೊಂಡು ಪೈಯಿಂದ ಭಾಗಿಸಿ ವರ್ಗಮೂಲ ತೆಗೆದರೆ ಲಿಥಿಯಂ, ಕಾರ್ಬನ್ ಎರಡರ ತ್ರಿಜ್ಯಗಳ ಮೊತ್ತ ಸಿಗುತ್ತದೆ: 5.0 ಮತ್ತು 5.8 ಫೆಮ್ಟೊಮೀಟರ್ (ಮಿಲಿಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು). ಕಾರ್ಬನ್‌ನ ಪಾಲು 2.6 ಕಳೆಯಿರಿ. ಲಿಥಿಯಂ-9ಕ್ಕೆ 2.4, ಲಿಥಿಯಂ-11ಕ್ಕೆ 3.2. ಎರಡೇ ನ್ಯೂಟ್ರಾನ್ ಸೇರಿದ್ದಕ್ಕೆ ಇಷ್ಟು ಜಿಗಿತ. ಅದೇ ಅಚ್ಚರಿ.

ಈಗ ಸೀಸ. ಸೀಸ-208ರ ಸರಾಸರಿ ತ್ರಿಜ್ಯ ಸುಮಾರು 5.5. 3.2 ಎಲ್ಲಿ, 5.5 ಎಲ್ಲಿ! ಆದರೆ 3.2 ಎಂಬುದು ಹನ್ನೊಂದೂ ಕಣಗಳ ಸರಾಸರಿ. ಒಳಗಿನ ಒಂಬತ್ತು 2.4ರಲ್ಲೇ ಇವೆ ಅಂದುಕೊಂಡು ಉಳಿದೆರಡರ ಪಾಲು ತೆಗೆಯಿರಿ: 3.16ರ ವರ್ಗದ ಹನ್ನೊಂದು ಪಟ್ಟಿನಿಂದ 2.42ರ ವರ್ಗದ ಒಂಬತ್ತು ಪಟ್ಟು ಕಳೆದು ಎರಡರಿಂದ ಭಾಗಿಸಿದರೆ 28.6, ವರ್ಗಮೂಲ ಸುಮಾರು 5.3. ಒಳಗಿನ ತಿರುಳು ತುಸು ಓಲಾಡುವುದನ್ನು ಇಲ್ಲಿ ಬಿಟ್ಟಿದ್ದೇವೆ, ಆದರೂ ಚಿತ್ರ ಇದೇ. ಸೀಸದ ಅಳತೆಗೆ ಹತ್ತಿರವಿರುವುದು ಹೊರಗಿನ ಎರಡು ನ್ಯೂಟ್ರಾನುಗಳ ದೂರ, ಇಡೀ ನ್ಯೂಕ್ಲಿಯಸ್ಸಿನ ಗಾತ್ರ ಅಲ್ಲ. ಬೆಳಗಿನ ವಿರಾರ್ ಲೋಕಲ್‌ನ ಬಾಗಿಲಲ್ಲಿ ನೇತಾಡುವವರನ್ನೂ ಸೇರಿಸಿ ಡಬ್ಬಿಯ ಅಗಲ ಅಳೆದ ಹಾಗೆ. ಈ ನೇತಾಡುವ ಪದರಕ್ಕೆ ಹ್ಯಾಲೊ ಎನ್ನುತ್ತಾರೆ. ಎರಡನ್ನೂ ಕಿತ್ತುಹಾಕಲು ಸುಮಾರು 0.37 ಎಂಇವಿ ಸಾಕು. ಸಾಮಾನ್ಯ ನ್ಯೂಕ್ಲಿಯಸ್ಸಿನಿಂದ ಒಂದೇ ನ್ಯೂಟ್ರಾನ್ ಕೀಳಲು 8 ಎಂಇವಿಯ ಆಸುಪಾಸು ಬೇಕು.

ಇನ್ನೊಂದು ತಮಾಷೆ: ಲಿಥಿಯಂ-9ಕ್ಕೆ ಒಂದೇ ನ್ಯೂಟ್ರಾನ್ ಅಂಟಿಸಿದರೆ ನಿಲ್ಲದು, ಎರಡು ನ್ಯೂಟ್ರಾನ್ ಮಾತ್ರ ಇದ್ದರೂ ನಿಲ್ಲದು. ಮೂವರೂ ಸೇರಿದರೆ ನಿಲ್ಲುತ್ತದೆ. ಮೂರು ಕಡ್ಡಿ ಒಂದಕ್ಕೊಂದು ಆನಿಸಿ ನಿಲ್ಲಿಸಿ, ಒಂದನ್ನು ಎಳೆದು ನೋಡಿ.

ಎಣಿಕೆಯಲ್ಲಿ ಎಡವುವುದು ಎರಡು ಕಡೆ. ಕಣ ಫಲಕದಲ್ಲೇ ಒಡೆಯಬೇಕೆಂದಿಲ್ಲ, ಡಿಟೆಕ್ಟರಿನಲ್ಲೂ ಒಡೆಯುತ್ತದೆ. ಅದಕ್ಕೇ ಫಲಕ ತೆಗೆದು ಖಾಲಿ ಓಟವೊಂದನ್ನು ನಡೆಸಿ ಆ ನಷ್ಟ ಕಳೆಯಲೇಬೇಕು. ಎರಡನೆಯದು ಅಂಕಿಸಂಖ್ಯೆಯ ಮಿತಿ. 1,000 ಒಡೆದದ್ದು ಎಂದರೆ ಅದರಲ್ಲೇ 32ರಷ್ಟು ಏರುಪೇರು ಸಹಜ, ಅಂದರೆ ಶೇಕಡಾ 3. ದಿನಕ್ಕೆ ಬೆರಳೆಣಿಕೆಯಷ್ಟು ಸಿಗುವ ಐಸೊಟೋಪಿಗೆ ಈ ವಿಧಾನ ಹೂಡುವುದು ದಂಡ.

ಪ್ರಶ್ನೆ (ಡೊಂಬಿವಲಿ): ಲಿಥಿಯಂ-11ರ ಅರ್ಧಾಯು (ಅರ್ಧದಷ್ಟು ಅಳಿಯುವ ಕಾಲ) 8.75 ಮಿಲಿಸೆಕೆಂಡ್ ಎಂದಿದ್ದೀರಿ. ಅಷ್ಟರಲ್ಲಿ ಏನು ಅಳೆಯಲು ಸಾಧ್ಯ?

ಉತ್ತರ: ಬೇಕಾದಷ್ಟು. ಮೇಲೆ ಹೇಳಿದ ಶಕ್ತಿಯಲ್ಲಿ ಅದರ ವೇಗ ಬೆಳಕಿನ ಶೇಕಡಾ 84. ಅಂಥ ವೇಗದಲ್ಲಿ ಕಾಲ ಹಿಗ್ಗುವುದನ್ನು (ಸಾಪೇಕ್ಷತೆಯ ಪರಿಣಾಮ) ಬಿಟ್ಟರೂ 8.75 ಮಿಲಿಸೆಕೆಂಡಿನಲ್ಲಿ ಸುಮಾರು 2,200 ಕಿ.ಮೀ. ಓಡುತ್ತದೆ, ಸೇರಿಸಿಕೊಂಡರೆ 4,000. ಪ್ರಯೋಗದ ಹಾದಿ ಕೆಲವು ಹತ್ತು ಮೀಟರ್. ನ್ಯೂಕ್ಲಿಯಸ್ಸಿನ ಗಡಿಯಾರದಲ್ಲಿ ಮಿಲಿಸೆಕೆಂಡ್ ಒಂದು ಯುಗ.

ಪ್ರಶ್ನೆ (ಚೆಂಬೂರು): ಕೊಲಾಬಾದಲ್ಲೇ ವೇಗವರ್ಧಕ ಇದೆಯಲ್ಲ, ಅಲ್ಲಿ ಲಿಥಿಯಂ-11 ಏಕೆ ತಯಾರಿಸುವುದಿಲ್ಲ?

ಉತ್ತರ: ಆ ಯಂತ್ರ ಅದಕ್ಕಾಗಿ ಕಟ್ಟಿದ್ದಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಆವರಣದಲ್ಲಿರುವ, ಭಾಭಾ ಪರಮಾಣು ಸಂಶೋಧನಾ ಕೇಂದ್ರದೊಂದಿಗೆ ಜಂಟಿಯಾಗಿ ನಡೆಯುವ ಪೆಲೆಟ್ರಾನ್ 1988ರ ಕೊನೆಯಿಂದ ಓಡುತ್ತಿದೆ. ಗರಿಷ್ಠ 14 ಮಿಲಿಯನ್ ವೋಲ್ಟ್. ಲೋಹದ ಗುಂಡುಗಳ ಸರಪಣಿ ವಿದ್ಯುದಂಶವನ್ನು ಹೊತ್ತೊಯ್ದು ನಡುವಿನ ಟರ್ಮಿನಲ್ಲಿಗೆ ತುಂಬುತ್ತದೆ. ಕಿಡಿ ಹಾರದಿರಲು ಟ್ಯಾಂಕಿನ ತುಂಬ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲ. ಮೇಲಿನಿಂದ ಋಣ ಅಯಾನ್ ಇಳಿಯುತ್ತದೆ, ಟರ್ಮಿನಲ್ಲಿನ ತೆಳು ಕಾರ್ಬನ್ ಹಾಳೆಯಲ್ಲಿ ಎಲೆಕ್ಟ್ರಾನ್ ಕಳಚಿಕೊಂಡು ಧನವಾಗುತ್ತದೆ, ಅದೇ ವೋಲ್ಟೇಜಿನಿಂದ ಇನ್ನೊಮ್ಮೆ ದೂಡಿಸಿಕೊಳ್ಳುತ್ತದೆ. 12 ಮಿಲಿಯನ್ ವೋಲ್ಟಿನಲ್ಲಿ ಋಣ ಕಾರ್ಬನ್-12 ಆರು ಎಲೆಕ್ಟ್ರಾನ್ ಕಳಚಿಕೊಂಡು ಐದು ಪಟ್ಟು ಧನವಾದರೆ ಸಿಗುವುದು 72 ಎಂಇವಿ, ಅಂದರೆ ನ್ಯೂಕ್ಲಿಯಾನ್‌ಗೆ 6. ಮುಂದೆ ಸೂಪರ್‌ಕಂಡಕ್ಟಿಂಗ್ ಲಿನಾಕ್ (ನೇರ ಸಾಲಿನ ವೇಗವರ್ಧಕ) ಅದನ್ನು ಇನ್ನಷ್ಟು ಏರಿಸುತ್ತದೆ. ಬರ್ಕ್ಲಿಯ 790ರ ಹತ್ತಿರ ಇದು ಸುಳಿಯುವುದೂ ಇಲ್ಲ.

ಶಕ್ತಿಗಿಂತ ದೊಡ್ಡ ಕಾರಣ ಲೆಕ್ಕದಲ್ಲಿದೆ. ಈ ಶಕ್ತಿಯಲ್ಲಿ ಮಾಡುವುದು ಬೆಸುಗೆ. ಸಿಲಿಕಾನ್-28ನ್ನು ಕ್ಯಾಡ್ಮಿಯಂ-112ಕ್ಕೆ ಬೆಸೆದರೆ ಸಮೇರಿಯಂ-140. ಅದು ಬಿಸಿಯಾಗಿರುವುದರಿಂದ ನಾಲ್ಕು ನ್ಯೂಟ್ರಾನ್ ಆವಿಯಾದರೆ ಸಮೇರಿಯಂ-136. ಸ್ಥಿರ ಸಮೇರಿಯಂಗಳಲ್ಲಿ ಅತಿ ಹಗುರವೇ 144. ಅಂದರೆ ನಾವು ತಲುಪಿದ್ದು ನ್ಯೂಟ್ರಾನ್ ಬಡವರ ಓಣಿ. ಭಾರವಾದಷ್ಟೂ ಸ್ಥಿರ ನ್ಯೂಕ್ಲಿಯಸ್ಸಿಗೆ ನ್ಯೂಟ್ರಾನ್ ಪಾಲು ಹೆಚ್ಚು ಬೇಕು (ಕ್ಯಾಲ್ಸಿಯಂ-40ರಲ್ಲಿ ಸಮಸಮ, ಸೀಸ-208ರಲ್ಲಿ ಒಂದಕ್ಕೆ ಒಂದೂವರೆ). ಹಗುರದ ಎರಡನ್ನು ಕೂಡಿಸಿದಾಗ ಆ ಪಾಲು ಸಾಲದೇ ಬರುತ್ತದೆ. ನ್ಯೂಟ್ರಾನ್ ಸಿರಿವಂತರ ಕಡೆ ಹೋಗಲು ದೊಡ್ಡದನ್ನು ಒಡೆಯಬೇಕು: ಭಾರೀ ವೇಗದ ಕಣಗಳ ಪುಂಜವನ್ನು ತೆಳು ಫಲಕಕ್ಕೆ ಬಡಿದು ಚೂರು ಮಾಡುವುದು, ಇಲ್ಲವೇ ಯುರೇನಿಯಂ ವಿದಳನ.

ಹಾಗೆಂದು ಕೊಲಾಬಾಕ್ಕೆ ಕೆಲಸವಿಲ್ಲ ಎಂದುಕೊಳ್ಳಬೇಡಿ. ಗರಗರ ತಿರುಗುವ ನ್ಯೂಕ್ಲಿಯಸ್ಸುಗಳ ಆಕಾರ ತಿಳಿಯಲು ಬೆಸುಗೆಯೇ ಒಳ್ಳೆಯ ದಾರಿ. ಗಾಮಾ ಕಿರಣ ಹಿಡಿಯುವ ಕ್ಲೋವರ್ ಡಿಟೆಕ್ಟರುಗಳ ‘ಇಂಗಾ’ ವ್ಯೂಹ ದಿಲ್ಲಿ, ಕೊಲ್ಕತ್ತಾಗಳಂತೆ ಇಲ್ಲೂ ಸರದಿಯಲ್ಲಿ ಬಂದು ಕೂರುತ್ತದೆ. ಹ್ಯಾಲೊದ ಸಡಿಲತನ ತಿಳಿಯಲು ಸ್ಥಿರವೇ ಆದರೂ ಸಡಿಲವಾಗಿರುವ ಲಿಥಿಯಂ-6 ಇದೆ, 1.47 ಎಂಇವಿಗೇ ಆಲ್ಫಾ (ಹೀಲಿಯಂ-4) ಮತ್ತು ಡ್ಯೂಟರಾನ್ (ಒಂದು ಪ್ರೋಟಾನ್, ಒಂದು ನ್ಯೂಟ್ರಾನ್) ಆಗಿ ಬಿಚ್ಚಿಕೊಳ್ಳುತ್ತದೆ. ಇಂಥವು ಭಾರದ ಗುರಿಗೆ ಪೂರ್ತಿ ಬೆಸೆಯುವ ಮೊದಲೇ ಒಡೆಯುತ್ತವೆ, ಹಾಗಾಗಿ ಪೂರ್ಣ ಬೆಸುಗೆ ಎಣಿಸಿದ್ದಕ್ಕಿಂತ ಕಡಿಮೆ. ಇದರ ಮೇಲೆ ಮುಂಬಯಿಯಲ್ಲಿ ಒಳ್ಳೆಯ ಕೆಲಸ ನಡೆದಿದೆ.

ಪ್ರಶ್ನೆ (ಪುಣೆಯ ಎಂ.ಎಸ್ಸಿ. ವಿದ್ಯಾರ್ಥಿನಿ): ಗಾಮಾ ಕಿರಣ ಅಳೆಯುವ ನಮ್ಮ ಜರ್ಮೇನಿಯಂ ಡಿಟೆಕ್ಟರಿನಲ್ಲಿ ಕೋಬಾಲ್ಟ್-60ರ 1332 ಕೆಇವಿ (ಸಾವಿರ ಎಲೆಕ್ಟ್ರಾನ್ ವೋಲ್ಟ್) ಶಿಖರದ ಅಗಲ 2 ಕೆಇವಿ ಇದ್ದದ್ದು ಈಗ 3.5 ಆಗಿದೆ. ಡಿಟೆಕ್ಟರ್ ಕೆಟ್ಟಿತು ಎನ್ನುತ್ತಾರೆ. ನಿಜವೇ?

ಉತ್ತರ: ಅಷ್ಟು ಬೇಗ ತೀರ್ಪು ಕೊಡಬೇಡಿ. ಮೊದಲು ಯೂರೋಪಿಯಂ-152 ಇಟ್ಟು 121.8 ಕೆಇವಿ ಶಿಖರ ನೋಡಿ. ಚೆನ್ನಾಗಿರುವ ಡಿಟೆಕ್ಟರಿನಲ್ಲಿ ಅದರ ಅಗಲ 1ರ ಸುತ್ತಮುತ್ತ. ವಿದ್ಯುನ್ಮಾನದ ಗದ್ದಲ ಸೇರಿಕೊಂಡಿದ್ದರೆ ಅದು ಎಲ್ಲ ಶಕ್ತಿಗೂ ಒಂದೇ ಪ್ರಮಾಣದಲ್ಲಿ ಕೂಡುತ್ತದೆ, ವರ್ಗಗಳ ಲೆಕ್ಕದಲ್ಲಿ. 3.5ರ ವರ್ಗದಿಂದ 2ರ ವರ್ಗ ಕಳೆದು ಮೂಲ ತೆಗೆದರೆ 2.9, ಆಗ 121.8ರ ಅಗಲವೂ 3ಕ್ಕೆ ಏರಿರಬೇಕು. ಏರಿದ್ದರೆ ಹರಳು ಬಹುಶಃ ಸರಿ, ತಪ್ಪು ತಂತಿಯಲ್ಲಿದೆ. 121.8 ಹಾಗೇ ಇದ್ದು 1332 ಮಾತ್ರ ಹಿಗ್ಗಿದ್ದರೆ ಹರಳಿನೊಳಗೆ ವಿದ್ಯುದಂಶ ಸಿಕ್ಕಿಬೀಳುತ್ತಿದೆ, ಇಲ್ಲವೇ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಜಾರುತ್ತಿದೆ. ಜಾರುವಿಕೆ ತಿಳಿಯಲು ರಾತ್ರಿಯ ದತ್ತಾಂಶವನ್ನು ಗಂಟೆಗೊಂದರಂತೆ ಕತ್ತರಿಸಿ ಶಿಖರದ ಜಾಗ ನೋಡಿ. ಮಧ್ಯರಾತ್ರಿ ಏಸಿ ನಿಲ್ಲಿಸುವ ಕೊಠಡಿಗಳಲ್ಲಿ ಇದು ಸಾಮಾನ್ಯ.

ಎರಡನೇ ಪರೀಕ್ಷೆ ಪಲ್ಸರ್, ಅಂದರೆ ಒಂದೇ ಅಳತೆಯ ಕೃತಕ ಪಲ್ಸ್ ಕೊಡುವ ಉಪಕರಣ. ಪ್ರಿಆಂಪ್ಲಿಫೈಯರಿನ (ಡಿಟೆಕ್ಟರಿನ ಮೊದಲ ವರ್ಧಕ) ಟೆಸ್ಟ್ ತುದಿಗೆ ಪಲ್ಸ್ ಕೊಡಿ. ಪಲ್ಸರ್ ಶಿಖರವೂ ದಪ್ಪಗಾದರೆ ಗದ್ದಲ. ಆಗ ನೋಡಬೇಕಾದವು: ಒಂದಕ್ಕಿಂತ ಹೆಚ್ಚು ಕಡೆ ಅರ್ಥಿಂಗ್ ಆಗಿ 50 ಹರ್ಟ್ಜ್ ಸುತ್ತು ಬಿದ್ದಿದೆಯೇ, ವ್ಯಾಕ್ಯೂಮ್ ಪಂಪಿನ ನಡುಕ ತಾಗುತ್ತಿದೆಯೇ, ಶೇಪಿಂಗ್ ಸಮಯ (ಪಲ್ಸಿಗೆ ಆಕಾರ ಕೊಡುವ ಅವಧಿ) ಯಾರಾದರೂ ಬದಲಿಸಿದ್ದಾರೆಯೇ, ಪೋಲ್-ಝೀರೊ (ಪಲ್ಸಿನ ಬಾಲ ಸರಿಪಡಿಸುವ ಹೊಂದಾಣಿಕೆ) ಸರಿ ಕೂತಿದೆಯೇ. ಕಡೆಯದನ್ನು ಆಸಿಲೋಸ್ಕೋಪಿನಲ್ಲಿ ನೋಡಿ: ಪಲ್ಸಿನ ಬಾಲ ಗೆರೆಯ ಕೆಳಗೆ ಇಳಿಯಬಾರದು, ಮೇಲೆ ತೇಲಲೂಬಾರದು. ನಮ್ಮ ಕಡೆಯ ಮಳೆಗಾಲದ ವಿಶೇಷ ಇನ್ನೊಂದಿದೆ: ಹೈವೋಲ್ಟೇಜ್ ಕನೆಕ್ಟರಿನಲ್ಲಿ ತೇವ ಕೂತು ಸೋರಿಕೆ. ವೋಲ್ಟೇಜ್ ಇಳಿಸಿ, ಬಿಚ್ಚಿ, ಆಲ್ಕೋಹಾಲಿನಿಂದ ಒರೆಸಿ ಒಣಗಿಸಿದರೆ ಎಷ್ಟೋ ಸಲ ‘ಕೆಟ್ಟ’ ಡಿಟೆಕ್ಟರ್ ರಿಪೇರಿಯಾಗುತ್ತದೆ.

ಪಲ್ಸರ್ ಚೂಪಾಗಿದ್ದು ಗಾಮಾ ಶಿಖರಕ್ಕೆ ಎಡಗಡೆ ಮಾತ್ರ ಬಾಲ ಬೆಳೆದಿದ್ದರೆ ನ್ಯೂಟ್ರಾನ್ ಏಟು. ವೇಗವರ್ಧಕದ ಪಕ್ಕ ಕೂತು ಬಂದ ಡಿಟೆಕ್ಟರಿಗೆ ಇದು ತಪ್ಪಿದ್ದಲ್ಲ. ನಿರ್ವಾತದಲ್ಲೇ 100 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ದಿನ ಕಾಯಿಸಿದರೆ (ಅನೀಲಿಂಗ್) ಹೋಗುತ್ತದೆ. ಆದರೆ ಏಟು ತಿಂದ ಡಿಟೆಕ್ಟರನ್ನು ಅರ್ಧಂಬರ್ಧ ಬಿಸಿಯಾಗಲು ಬಿಟ್ಟು ಮತ್ತೆ ತಣ್ಣಗೆ ಮಾಡಬೇಡಿ. ಗಾಯ ಇನ್ನೂ ಹರಡುತ್ತದೆ. ದೀಪಾವಳಿ ರಜೆಯಲ್ಲಿ ಡಿಟೆಕ್ಟರನ್ನು ತಣ್ಣಗಿಡುವ ದ್ರವ ಸಾರಜನಕ ತುಂಬಲು ಮರೆಯುವುದು ಹೀಗೇ ದುಬಾರಿಯಾಗುತ್ತದೆ. ಕ್ರಯೋಸ್ಟಾಟಿನ (ಹರಳನ್ನು ತಣ್ಣಗಿಡುವ ನಿರ್ವಾತದ ಕವಚ) ಹೊರಮೈ ಬೆವರುತ್ತಿದ್ದರೆ, ಸಾರಜನಕ ಎಂದಿಗಿಂತ ಬೇಗ ಮುಗಿಯುತ್ತಿದ್ದರೆ ಒಳಗಿನ ನಿರ್ವಾತ ಹಾಳಾಗಿದೆ. ಅದು ಕೈಹಾಕುವ ಕೆಲಸವಲ್ಲ, ತಯಾರಕರಿಗೆ ಕಳಿಸಿ.

ಮತ್ತೆ ಚಾಲೂ ಮಾಡುವಾಗ ಕನಿಷ್ಠ ಆರು ಗಂಟೆ ತಣಿದ ಮೇಲೆಯೇ ವೋಲ್ಟೇಜ್ ಕೊಡಿ, ಅದೂ 100 ವೋಲ್ಟಿನ ಮೆಟ್ಟಿಲಲ್ಲಿ. ಪಿ-ಬಗೆಯ ಹರಳಿಗೆ ಧನ, ಎನ್-ಬಗೆಗೆ ಋಣ. ಲೇಬಲ್ ಎರಡು ಸಲ ಓದಿ. ಸಾರಜನಕ ತುಂಬುವಾಗ ಕಿಟಕಿ ತೆರೆದಿರಲಿ. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗಿ ಕೋಣೆಯ ಆಮ್ಲಜನಕವನ್ನು ಸದ್ದಿಲ್ಲದೆ ಹೊರದಬ್ಬುತ್ತದೆ.

ಪ್ರಶ್ನೆ (ವಾಸ್ಕೋ): ‘ಇಂಥ ನ್ಯೂಕ್ಲಿಯಸ್ ಇರಲಾರದು’ ಎಂದು ವಿಜ್ಞಾನಿಗಳು ಹೇಳುವುದುಂಟು. ಇಲ್ಲದ್ದನ್ನು ಇಲ್ಲವೆಂದು ಸಾಧಿಸುವುದು ಹೇಗೆ?

ಉತ್ತರ: ಬರಬೇಕಿತ್ತು ಎಷ್ಟು, ಬಂದದ್ದು ಎಷ್ಟು ಎಂದು ಹೋಲಿಸಿ. ಜಪಾನಿನ ರೀಕೆನ್ ಸಂಶೋಧನಾ ಸಂಸ್ಥೆಯಲ್ಲಿ ಕ್ಯಾಲ್ಸಿಯಂ-48ನ್ನು ನ್ಯೂಕ್ಲಿಯಾನ್‌ಗೆ 345 ಎಂಇವಿಯಲ್ಲಿ ಬೆರಿಲಿಯಂ ಫಲಕಕ್ಕೆ ಬಡಿದು ಚೂರುಗಳನ್ನು ಗುರುತಿಸಿದರು. ಅಕ್ಕಪಕ್ಕದ ಐಸೊಟೋಪುಗಳು ಸಿಕ್ಕ ಪ್ರಮಾಣದಿಂದ ಮುಂದಿನದು ಎಷ್ಟು ಸಿಗಬೇಕೆಂದು ಅಂದಾಜಿಸಬಹುದು. ಮೂರು ಬರಬೇಕಿದ್ದಲ್ಲಿ ಒಂದೂ ಬರದಿದ್ದರೆ ಅದು ದುರದೃಷ್ಟವೂ ಇರಬಹುದು, ಶೇಕಡಾ 5 ಸಾಧ್ಯತೆ. ಹತ್ತು ಬರಬೇಕಿದ್ದಲ್ಲಿ ಸೊನ್ನೆಯಾದರೆ ಸಾಧ್ಯತೆ 22,000ದಲ್ಲಿ ಒಂದು. ಹೀಗೆ 2019ರಲ್ಲಿ ಫ್ಲೋರಿನ್‌ನ ಗಡಿ (ನಿಲ್ಲಬಲ್ಲ ಅತಿ ಭಾರದ ಐಸೊಟೋಪು) 31ರಲ್ಲಿ, ನಿಯಾನ್‌ನದು 34ರಲ್ಲಿ ಎಂದು ತೀರ್ಮಾನವಾಯಿತು. ಒಂದು ಎಚ್ಚರ: ಒಂದು ಮನೆ ಖಾಲಿ ಎಂದ ಕೂಡಲೇ ಬೀದಿ ಮುಗಿಯಿತು ಎನ್ನುವಂತಿಲ್ಲ. ಫ್ಲೋರಿನ್-30 ನಿಲ್ಲದು, ಫ್ಲೋರಿನ್-31 ನಿಲ್ಲುತ್ತದೆ. ಜೋಡಿ ನ್ಯೂಟ್ರಾನಿನ ಬಲ ಅದು.

ಇದಕ್ಕಿಂತ ಸೋಜಿಗ ಆಕ್ಸಿಜನ್. ಅದರ ಗಡಿ 24ಕ್ಕೇ ಮುಗಿಯಿತು, ಹದಿನಾರು ನ್ಯೂಟ್ರಾನಿಗೆ. ಒಂದೇ ಪ್ರೋಟಾನ್ ಹೆಚ್ಚಿರುವ ಫ್ಲೋರಿನ್ ಇಪ್ಪತ್ತೆರಡು ಹೊರುತ್ತದೆ, ಆರು ಹೆಚ್ಚು. ಎಂಟು ಪ್ರೋಟಾನ್, ಇಪ್ಪತ್ತು ನ್ಯೂಟ್ರಾನಿನ ಆಕ್ಸಿಜನ್-28 ಎರಡೂ ಕಡೆ ‘ಮ್ಯಾಜಿಕ್ ಸಂಖ್ಯೆ’ (ನ್ಯೂಕ್ಲಿಯಸ್ಸಿಗೆ ವಿಶೇಷ ಗಟ್ಟಿತನ ಕೊಡುವ ಎಣಿಕೆ) ಇರುವಂಥದ್ದು. ಹಳೆಯ ಪಾಠದ ಪ್ರಕಾರ ಗಟ್ಟಿಯಾಗಿರಬೇಕಿತ್ತು. 2023ರಲ್ಲಿ ಪ್ರಕಟವಾದಂತೆ, ರೀಕೆನ್‌ನಲ್ಲಿ ಫ್ಲೋರಿನ್-29ರಿಂದ ಒಂದು ಪ್ರೋಟಾನ್ ಕಿತ್ತು ಅದನ್ನು ಮಾಡಿಯೂ ನೋಡಿದರು. ಹುಟ್ಟಿದಲ್ಲೇ ಆಕ್ಸಿಜನ್-24 ಮತ್ತು ನಾಲ್ಕು ನ್ಯೂಟ್ರಾನಾಗಿ ಚದುರಿತು. ಕಷ್ಟವಿದ್ದದ್ದು ಆ ನಾಲ್ಕನ್ನು ಒಟ್ಟಿಗೆ ಹಿಡಿಯುವುದರಲ್ಲಿ: ಒಂದೇ ನ್ಯೂಟ್ರಾನ್ ಒಂದು ಡಿಟೆಕ್ಟರಿಗೆ ತಾಗಿ ಪುಟಿದು ಇನ್ನೊಂದಕ್ಕೂ ತಾಗಿದರೆ ಎರಡೆಂದು ಲೆಕ್ಕಕ್ಕೆ ಬರುತ್ತದೆ. ಎರಡು ತಾಕುಗಳ ನಡುವಿನ ದೂರ, ಸಮಯ ನೋಡಿ ಅಂಥ ಸುಳ್ಳು ಜೋಡಿಗಳನ್ನು ಒಂದೊಂದಾಗಿ ಸೋಸಿ ತೆಗೆದ ಮೇಲೆಯೇ ನಾಲ್ಕು ಎಂದು ಬರೆಯಬೇಕು.