ಬುದ್ಧ್ ಸರ್ಕ್ಯೂಟ್‌ನಲ್ಲಿ ಮೊದಲ ಸಲ ಓಡಿಸುವವರಿಗೆ

ಕಂಪನಿಯವರು ಗ್ರೇಟರ್ ನೋಯ್ಡಾದ ರೇಸ್ ಟ್ರ್ಯಾಕ್ ಆದ ಬುದ್ಧ್ ಸರ್ಕ್ಯೂಟ್‌ಗೆ ಕರೆದಿದ್ದಾರೆ, ನಾನು ಬರೀ ಆಟೋಮ್ಯಾಟಿಕ್ ಹ್ಯಾಚ್‌ಬ್ಯಾಕ್ ಓಡಿಸಿದವನು, ಪೋರ್ಷೆ ಕಾರುಗಳಲ್ಲಿ 911 ತಗೊಳ್ಳಲಾ ಕೇಮನ್ ತಗೊಳ್ಳಲಾ ಅಂತ ಕೇಳಿದ್ದೀರಿ. ಆಯ್ಕೆ ಕೊಟ್ಟರೆ ಮೊದಲು ಕೇಮನ್ ತಗೊಳ್ಳಿ. ಅದರ ಎಂಜಿನ್ ಮುಂದಿನ, ಹಿಂದಿನ ಚಕ್ರಗಳನ್ನು ಜೋಡಿಸುವ ಎರಡು ಆಕ್ಸಲ್‌ಗಳ ನಡುವೆ ಇದೆ, ತಿರುವಿನಲ್ಲಿ ಕಾರು ಏನು ಮಾಡುತ್ತಿದೆ ಅಂತ ಬೇಗ ಗೊತ್ತಾಗುತ್ತದೆ. 911ರಲ್ಲಿ ಎಂಜಿನ್ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ. ತಿರುವಿನ ಮಧ್ಯೆ ಹೆದರಿ ಆಕ್ಸಲರೇಟರ್ ತಟ್ಟನೆ ಬಿಟ್ಟರೆ ಭಾರ ಮುಂದಕ್ಕೆ ಬಂದು ಹಿಂಭಾಗ ಜಾರಬಹುದು. ಈಗಿನ ಕಾರುಗಳ ಎಲೆಕ್ಟ್ರಾನಿಕ್ಸ್ ಬಹಳ ಮಟ್ಟಿಗೆ ಕಾಪಾಡುತ್ತದೆ, ಆದರೂ ಅದನ್ನೇ ನಂಬಿ ಕೂರಬೇಡಿ.

ಟ್ರ್ಯಾಕ್ 5.125 ಕಿ.ಮೀ., 16 ತಿರುವು. ಟ್ರ್ಯಾಕ್ ಹಿಂಭಾಗದ ನೇರ ದಾರಿಯೇ ಒಂದು ಕಿ.ಮೀ.ಗಿಂತ ಜಾಸ್ತಿ. ಎಲ್ಲರೂ ಅಲ್ಲಿನ ಸ್ಪೀಡ್ ಬಗ್ಗೆಯೇ ಮಾತಾಡುತ್ತಾರೆ. ನಿಜವಾದ ಪರೀಕ್ಷೆ ಅದರ ಕೊನೆಯಲ್ಲಿ ಬ್ರೇಕ್ ಹಾಕುವಾಗ! ಸ್ಟೀರಿಂಗ್ ನೇರ ಇರುವಾಗಲೇ ಗಟ್ಟಿಯಾಗಿ ಒತ್ತಿ, ತಿರುಗಿಸುತ್ತಾ ನಿಧಾನಕ್ಕೆ ಬಿಡಿ. ಕಣ್ಣು ಮುಂದಿನ ಕಾರಿನ ಬಂಪರ್ ಮೇಲಲ್ಲ, ನೀವು ಹೋಗಬೇಕಾದ ಜಾಗದ ಮೇಲೆ ಇರಲಿ. ಸಾಮಾನ್ಯವಾಗಿ ಮುಂದೆ ಇನ್‌ಸ್ಟ್ರಕ್ಟರ್ ಕಾರು ಇರುತ್ತದೆ, ಅದು ಹೋಗುವ ದಾರಿಯನ್ನು ಹಿಂಬಾಲಿಸಿದರೆ ಸಾಕು.

ಕೊನೆಯ ಸುತ್ತು ನಿಧಾನಕ್ಕೆ ಓಡಿಸಿ ಬ್ರೇಕ್ ತಣ್ಣಗಾಗಲು ಬಿಡಿ. ತೆಳು ಅಟ್ಟೆಯ ಶೂ ಹಾಕಿಕೊಳ್ಳಿ. ಬೆಳಿಗ್ಗೆ ಹೊಟ್ಟೆ ತುಂಬ ಪೂರಿ ತಿನ್ನಬೇಡಿ, ಪಕ್ಕದ ಸೀಟಿನಲ್ಲಿ ಕೂತಿದ್ದ ನನ್ನ ಗತಿ ನನಗೇ ಗೊತ್ತು.

ಆಮೇಲೆ, ಸಹಿ ಹಾಕಿಸಿಕೊಳ್ಳುವ ಫಾರ್ಮ್ ಸುಮ್ನೆ ಓದದೆ ಕೊಡಬೇಡಿ. ಕಾರಿಗೆ ಪೆಟ್ಟಾದರೆ ಎಷ್ಟು ಹಣ ನಿಮ್ಮ ತಲೆಗೆ ಬರುತ್ತದೆ ಅಂತ ಮೊದಲೇ ಕೇಳಿ.