ಒತ್ತಡದಲ್ಲಿರುವ ಇಲಿ ಏನನ್ನು ಮರೆಯುತ್ತದೆ, ಏನನ್ನು ಮರೆಯುವುದಿಲ್ಲ

ನಿಮ್ಮ ಪ್ರಶ್ನೆ: "ನಾನು ಚಿಕ್ಕಮಗಳೂರಿನಲ್ಲಿ ಬಿಎಸ್ಸಿ ಓದುತ್ತಿದ್ದೇನೆ. ತುಂಬಾ ದಿನ ಒತ್ತಡ ಕೊಟ್ಟರೆ ಇಲಿಗಳ ಕಲಿಕೆ, ನೆನಪು ಹಾಳಾಗುತ್ತವೆ ಅಂತ ಕ್ಲಾಸಿನಲ್ಲಿ ಹೇಳಿದರು. ಇಲಿ ಮರೆತಿದೆ ಅಂತ ಗೊತ್ತಾಗುವುದು ಹೇಗೆ? ಹಾಳಾದದ್ದು ಮತ್ತೆ ಸರಿಹೋಗುತ್ತದಾ? ಮುಂದೆ ಎಂಎಸ್ಸಿಯಲ್ಲಿ ಇದರ ಮೇಲೇ ಪ್ರಾಜೆಕ್ಟ್ ಮಾಡುವ ಆಸೆ ಇದೆ."

ನಾನು ಹಾಸನದಲ್ಲಿ ಪಿಯು ಮಕ್ಕಳಿಗೆ ಬಯಾಲಜಿ ಪಾಠ ಮಾಡುತ್ತೇನೆ. ಅದಕ್ಕೂ ಮೊದಲು ಎರಡು ವರ್ಷ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಇದೇ ಕೆಲಸದಲ್ಲಿದ್ದೆ. ಓದಿದ್ದರ ಜೊತೆಗೆ ಕಣ್ಣಾರೆ ಕಂಡದ್ದನ್ನೂ ಸೇರಿಸಿ ಬರೆಯುತ್ತೇನೆ.

ಮೊದಲು ಆ "ಹಾಳಾಗುತ್ತದೆ" ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಒತ್ತಡಕ್ಕೆ ಸಿಕ್ಕ ಇಲಿ ದಡ್ಡ ಆಗಿಬಿಡುವುದಿಲ್ಲ. ಜಾಗ, ದಾರಿ ನೆನಪಿಡುವ ಶಕ್ತಿ ಕುಂದುತ್ತದೆ. ಭಯದ ನೆನಪು ಮಾತ್ರ ಇನ್ನೂ ಜಾಸ್ತಿ ಬಲವಾಗುತ್ತದೆ. ಎರಡೂ ಒಂದೇ ತಲೆಯೊಳಗೆ, ಒಂದೇ ಹೊತ್ತಿಗೆ ಆಗುತ್ತವೆ.

ಲ್ಯಾಬಿನಲ್ಲಿ ಒತ್ತಡ ಕೊಡುವುದಕ್ಕೆ ಸಾಮಾನ್ಯವಾಗಿ ಇಲಿಯನ್ನು ಗಾಳಿಯಾಡುವ ಇಕ್ಕಟ್ಟಾದ ಕೊಳವೆಯಲ್ಲಿ ಇಡುತ್ತಾರೆ. ದಿನಕ್ಕೆ 6 ಗಂಟೆ, 21 ದಿನ. ಹೊಡೆಯುವುದಿಲ್ಲ, ಬಡಿಯುವುದಿಲ್ಲ. ಆದರೆ ಒಳಗಿರುವ ಇಲಿಗೆ ಹಿಂದೆ ತಿರುಗುವುದಕ್ಕೂ ಆಗುವುದಿಲ್ಲ. ಮೊದಲ ದಿನ ಕೊಸರಾಡುತ್ತದೆ, ಕೊಳವೆಯ ತುದಿ ಕಚ್ಚುತ್ತದೆ. ನಾನು ನೋಡಿದವು ಮೂರನೇ ವಾರದ ಹೊತ್ತಿಗೆ ಸುಮ್ಮನೆ ಮಲಗಿಬಿಡುತ್ತಿದ್ದವು. ಅಭ್ಯಾಸ ಆಯಿತು ಅಂದುಕೊಂಡಿದ್ದೆ. ಹೊರಗಿನಿಂದ ಸುಮ್ಮನಿದೆ ಅಂದ ಮಾತ್ರಕ್ಕೆ ಒಳಗೆ ಏನೂ ಆಗುತ್ತಿಲ್ಲ ಅಂತಲ್ಲ ಅನ್ನುವುದು ಆಮೇಲೆ ಅರ್ಥವಾಯಿತು.

ಇನ್ನು ಮರೆವನ್ನು ಅಳೆಯುವ ವಿಚಾರ. ಇದಕ್ಕೆ ಹೆಸರಾದದ್ದು ರಿಚರ್ಡ್ ಮಾರಿಸ್ 1981ರಲ್ಲಿ ವಿವರಿಸಿದ ನೀರಿನ ಪರೀಕ್ಷೆ. ದುಂಡನೆಯ ದೊಡ್ಡ ತೊಟ್ಟಿ. ಅದರ ನೀರಿಗೆ ಹಾಲಿನ ಪುಡಿ ಕದಡುತ್ತೇವೆ, ಒಳಗೇನಿದೆ ಅಂತ ಕಾಣಬಾರದಲ್ವಾ, ಅದಕ್ಕೆ. ಮೇಲ್ಮೈಯಿಂದ ಬೆರಳಷ್ಟು ಕೆಳಗೆ ಒಂದು ಚಿಕ್ಕ ಕಟ್ಟೆ ಇರುತ್ತದೆ. ಇಲಿಗೆ ಈಜು ಚೆನ್ನಾಗಿ ಬರುತ್ತದೆ, ಆದರೆ ನೀರಿನಲ್ಲಿರುವುದು ಇಷ್ಟವಿಲ್ಲ. ಕಟ್ಟೆ ಹುಡುಕುತ್ತದೆ. ಗೋಡೆಯ ಮೇಲಿನ ಚಿತ್ರ, ಬಾಗಿಲು, ದೀಪ ಇವುಗಳನ್ನು ಗುರುತಿಟ್ಟುಕೊಂಡು ಜಾಗ ಕಲಿಯುತ್ತದೆ. ಕಲಿತ ಇಲಿಯನ್ನು ಯಾವ ಕಡೆಯಿಂದ ಬಿಟ್ಟರೂ ನೇರ ಗೀಟು ಎಳೆದ ಹಾಗೆ ಹೋಗಿ ಕಟ್ಟೆ ಹತ್ತಿ, ಮೀಸೆ ಒರೆಸಿಕೊಳ್ಳುತ್ತದೆ. ಒತ್ತಡದ ಗುಂಪಿನಲ್ಲಿ ಕೆಲವು ಇಲಿಗಳು ತೊಟ್ಟಿಯ ಗೋಡೆಗೆ ಮೈ ತಾಗಿಸಿಕೊಂಡು ಸುತ್ತುತ್ತಲೇ ಇರುತ್ತಿದ್ದವು. ಟವೆಲಿನಲ್ಲಿ ಸುತ್ತಿ ಎತ್ತಿಕೊಂಡರೆ ಎದೆ ಡವಡವ ಅನ್ನುವುದು ಅಂಗೈಗೆ ತಿಳಿಯುತ್ತಿತ್ತು.

ಕಾರಣ ಏನು? ಭಯವಾದಾಗ ಕಿಡ್ನಿಯ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿ ಹಾರ್ಮೋನು ಬಿಡುತ್ತದೆ. ನಮ್ಮಲ್ಲಿ ಅದು ಕಾರ್ಟಿಸಾಲ್, ಇಲಿಯಲ್ಲಿ ಕಾರ್ಟಿಕೊಸ್ಟೀರಾನ್. ಸ್ವಲ್ಪ ಹೊತ್ತು ಬಂದು ಹೋದರೆ ಒಳ್ಳೆಯದೇ, ಗಮನ ಚುರುಕಾಗುತ್ತದೆ. 1968ರಲ್ಲಿ ನ್ಯೂಯಾರ್ಕಿನ ರಾಕೆಫೆಲ್ಲರ್ ವಿಶ್ವವಿದ್ಯಾಲಯದ ಬ್ರೂಸ್ ಮೆಕ್‌ಯೂವನ್ ಮತ್ತು ಜೊತೆಗಾರರು ಈ ಹಾರ್ಮೋನು ಇಲಿಯ ಮೆದುಳಿನ ಹಿಪ್ಪೋಕ್ಯಾಂಪಸ್‌ನಲ್ಲಿ ಹೋಗಿ ಹಿಡಿದುಕೊಳ್ಳುತ್ತದೆ ಎಂದು ತೋರಿಸಿದರು. ದಾರಿ, ಜಾಗದ ನೆನಪಿಗೆ ಬೇಕೇಬೇಕಾದ ಭಾಗ ಅದು. 1992ರಲ್ಲಿ ಅವರದೇ ಲ್ಯಾಬಿನಿಂದ ಇನ್ನೊಂದು ಸಂಗತಿ ಹೊರಬಂತು. 21 ದಿನ ಒತ್ತಡ ಉಂಡ ಇಲಿಗಳಲ್ಲಿ, ಹಿಪ್ಪೋಕ್ಯಾಂಪಸ್‌ನ ಸಿಎ3 ಎಂಬ ಭಾಗದ ನರಕೋಶಗಳ ಕವಲುಗಳು ಮೊಟಕಾಗಿದ್ದವು.

ನಿಮ್ಮ ಕಡೆಯ ಕಾಫಿ ತೋಟಗಳಲ್ಲಿ ಮರಗಸಿ ಮಾಡುವುದು, ಅಂದರೆ ನೆರಳಿನ ಮರಗಳ ರೆಂಬೆ ಸವರುವುದು, ನೋಡಿರುತ್ತೀರಿ. ಹಾಲುವಾಣದ ರೆಂಬೆ ಸವರಿದ ಮೇಲೆ ಬೊಡ್ಡೆ, ನಾಲ್ಕು ದಪ್ಪ ಕೊಂಬೆ ಉಳಿಯುತ್ತವಲ್ಲ, ಬೆಳ್ಳಿಯ ಉಪ್ಪಿನಿಂದ ಕಪ್ಪು ಮಾಡಿದ ನರಕೋಶವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ನನಗೆ ಅದೇ ನೆನಪಾಗಿತ್ತು. ಕೋಶ ಸತ್ತಿಲ್ಲ. ಕವಲು ಕಡಿಮೆಯಾಗಿದೆ, ಅಷ್ಟೇ.

ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸಲು ಬಳಸುವ ಗ್ಲುಟಮೇಟ್ ಎಂಬ ರಾಸಾಯನಿಕದ ಪಾತ್ರವೂ ಇದರಲ್ಲಿದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಗೊತ್ತಲ್ವಾ? ಅದು ಗ್ಲುಟಮೇಟ್ ಬಿಡುಗಡೆಯನ್ನು ತಗ್ಗಿಸುತ್ತದೆ. ಅದನ್ನು ಕೊಟ್ಟ ಇಲಿಗಳಲ್ಲಿ ಒತ್ತಡದ ನಂತರವೂ ಕವಲುಗಳು ಮೊಟಕಾಗಲಿಲ್ಲ.

ನನ್ನನ್ನು ಈಗಲೂ ಕಾಡುವುದು ಬೆಂಗಳೂರಿನದೇ ಕೆಲಸ. ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ಜೊತೆಗಾರರು 2002ರಲ್ಲಿ ಒಂದೇ ಒತ್ತಡಕ್ಕೆ ಮೆದುಳಿನ ಎರಡು ಭಾಗಗಳು ಹೇಗೆ ಬದಲಾಗುತ್ತವೆ ಎಂದು ನೋಡಿದರು. ದಿನಕ್ಕೆ 2 ಗಂಟೆ, 10 ದಿನ. ಹಿಪ್ಪೋಕ್ಯಾಂಪಸ್‌ನಲ್ಲಿ ಕವಲು ಕಡಿಮೆಯಾಯಿತು. ಭಯವನ್ನು ನೋಡಿಕೊಳ್ಳುವ ಅಮಿಗ್ಡಲದಲ್ಲಿ ಕವಲು ಹೆಚ್ಚಾಯಿತು! ಎರಡು ವರ್ಷದ ನಂತರ ಅವರು ಇನ್ನೂ ಮುಂದೆ ಹೋದರು. ಒತ್ತಡ ನಿಲ್ಲಿಸಿ 21 ದಿನ ಇಲಿಗಳನ್ನು ಅವುಗಳ ಪಾಡಿಗೆ ಬಿಟ್ಟರು. ಹಿಪ್ಪೋಕ್ಯಾಂಪಸ್ ಚೇತರಿಸಿಕೊಳ್ಳುವುದಕ್ಕೆ ಅಷ್ಟು ದಿನ ಸಾಕು. ಆದರೆ ಅಮಿಗ್ಡಲದಲ್ಲಿ ಬೆಳೆದದ್ದು ಹಾಗೇ ಇತ್ತು, ಇಲಿಯ ಅಳುಕೂ ಹಾಗೇ ಇತ್ತು.

ಇದನ್ನು ಓದಿದಾಗಲೆಲ್ಲ ನನಗೆ ಅಪ್ಪ ಕಣ್ಣಮುಂದೆ ಬರುತ್ತಾರೆ. ನಮ್ಮೂರು ಆಲೂರು ಕಡೆ. ಭತ್ತ ಹಾಲುಗಟ್ಟುವ ಹೊತ್ತಿಗೆ ಆನೆ ಬರುತ್ತವೆ. ಒಂದು ವರ್ಷ ತಿಂಗಳುಗಟ್ಟಲೆ ನಿದ್ದೆ ಇರಲಿಲ್ಲ. ಆಗ ಅಪ್ಪ ಬೀಗದ ಕೈ, ಕನ್ನಡಕ, ಬ್ಯಾಂಕಿನ ಪಾಸ್‌ಬುಕ್ ಎಲ್ಲಿಟ್ಟೆ ಅಂತ ದಿನವೂ ಹುಡುಕುತ್ತಿದ್ದರು. ಆ ಮರೆವು ಆಮೇಲೆ ಹೋಯಿತು. ಆದರೆ ನಾಯಿ ಎರಡು ಸಲ ಬೊಗಳಿದರೆ ಸಾಕು, ಈಗಲೂ ಟಾರ್ಚು ಹಿಡಿದು ಜಗಲಿಗೆ ಬರುತ್ತಾರೆ. ಇಲಿಯಿಂದ ಮನುಷ್ಯರಿಗೆ ಒಂದೇ ನೆಗೆತಕ್ಕೆ ಹಾರಬಾರದು ಅಂತ ಗೊತ್ತು, ಮಕ್ಕಳಿಗೂ ಅದನ್ನೇ ಹೇಳುತ್ತೇನೆ. ಆದರೂ ನೆನಪಾಗುತ್ತದೆ.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಹೌದು, ಜಾಗದ ನೆನಪು ಬಹುಮಟ್ಟಿಗೆ ವಾಪಸು ಬರುತ್ತದೆ. ಎಂಟು ಕೈಗಳ ಮೇಜ್‌ನಲ್ಲಿ (ನಡುವಿನಿಂದ ಎಂಟು ದಾರಿ ಹೊರಡುವ, ಇಲಿ ದಾರಿ ನೆನಪಿಡಬೇಕಾದ ಚಕ್ರವ್ಯೂಹ) 1994ರಲ್ಲಿ ನಡೆದ ಪ್ರಯೋಗದಲ್ಲೂ ಒತ್ತಡ ಮುಗಿದ ಕೂಡಲೇ ತಪ್ಪುಗಳು ಜಾಸ್ತಿ ಇದ್ದವು, ದಿನ ಕಳೆದ ಮೇಲೆ ಪರೀಕ್ಷಿಸಿದಾಗ ಇರಲಿಲ್ಲ. ನಿಮ್ಹಾನ್ಸ್‌ನವರು 2008ರಲ್ಲಿ ಇನ್ನೊಂದು ದಾರಿ ತೋರಿಸಿದರು. ಒತ್ತಡದ ನಂತರ ಮೆದುಳಿನ ಸುಖದ ಜಾಗವನ್ನು ಇಲಿಯೇ ಸನ್ನೆಕೋಲು ಒತ್ತಿ ಪ್ರಚೋದಿಸಿಕೊಳ್ಳುವಂತೆ ಬಿಟ್ಟಾಗ, ಸಿಎ3 ಕವಲುಗಳೂ ನೆನಪೂ ಚೇತರಿಸಿದವು. ಸವರಿದ ಹಾಲುವಾಣ ಚಿಗುರಿದ ಹಾಗೆ.

ಒಂದು ಎಚ್ಚರಿಕೆ. ಮೇಲೆ ಹೇಳಿದ್ದು ಹೆಚ್ಚಾಗಿ ಗಂಡು ಇಲಿಗಳ ಕಥೆ. ಹೆಣ್ಣು ಇಲಿಗಳನ್ನು ಅದೇ 21 ದಿನದ ಒತ್ತಡಕ್ಕೆ ಒಡ್ಡಿ ಎಂಟು ಕೈಗಳ ಮೇಜ್‌ಗೆ ಬಿಟ್ಟಾಗ ಅವು ಒತ್ತಡ ಕೊಡದ ಹೆಣ್ಣು ಇಲಿಗಳಿಗಿಂತ ಇನ್ನೂ ಚೆನ್ನಾಗಿ ಮಾಡಿದವು. ಪಾಠದ ಪುಸ್ತಕದಲ್ಲಿ "ಇಲಿ" ಅಂತ ಬರೆದಿದ್ದರೆ ಗಂಡೋ ಹೆಣ್ಣೋ ಅಂತ ಕೇಳಿ.

ಪ್ರಾಜೆಕ್ಟ್ ಮಾಡುವುದೇ ಆದರೆ, ಪ್ರಾಣಿ ಪ್ರಯೋಗದ ಸಮಿತಿಯ ಒಪ್ಪಿಗೆ ಮೊದಲು. ಪರೀಕ್ಷೆಯನ್ನು ದಿನವೂ ಒಂದೇ ಹೊತ್ತಿಗೆ ಮಾಡಿ. ಇಲಿ ರಾತ್ರಿ ಓಡಾಡುವ ಪ್ರಾಣಿ, ಕತ್ತಲಾಗುವ ಹೊತ್ತಿಗೆ ಅದರ ಕಾರ್ಟಿಕೊಸ್ಟೀರಾನ್ ತಾನಾಗಿಯೇ ಏರುತ್ತದೆ. ಒತ್ತಡ ಕೊಡದ ಗುಂಪನ್ನೂ ದಿನಾ ಕೈಗೆತ್ತಿಕೊಳ್ಳಬೇಕು. ಇಲ್ಲದಿದ್ದರೆ ನಿಮ್ಮ ಕೈಯೇ ಅವಕ್ಕೆ ಒತ್ತಡ, ಲೆಕ್ಕ ಎಲ್ಲ ತಪ್ಪುತ್ತದೆ. ನನ್ನ ಮೊದಲ ವಾರ ಪೂರ್ತಿ ಅದೇ ಕೆಲಸ. ಬೆಳಿಗ್ಗೆ ಹೋಗುವುದು, ಒಂದೊಂದನ್ನೇ ಎತ್ತಿ ಐದು ನಿಮಿಷ ಮಡಿಲಲ್ಲಿ ಇಟ್ಟುಕೊಳ್ಳುವುದು. ಎಂಟನೇ ದಿನ ಒಂದು ಇಲಿ ತಾನಾಗಿಯೇ ತೋಳಿನ ಮೇಲೆ ಹತ್ತಿ ಬಂದು ಮೊಣಕೈ ಸಂದಿಯಲ್ಲಿ ಮುಖ ಹುದುಗಿಸಿ ಮಲಗಿತು. ಮಾರನೇ ದಿನ ಅದನ್ನು ಕೊಳವೆಗೆ ಬಿಡಬೇಕಿತ್ತು.