ವಾರಾಂತ್ಯದ ಗ್ಲೈಡರ್ ತರಬೇತಿಯಲ್ಲಿ ನಿಜಕ್ಕೂ ಎಷ್ಟು ಹೊತ್ತು ಹಾರಲು ಸಿಗುತ್ತದೆ?

ಗ್ಲೈಡರ್ ಅಂದರೆ ಎಂಜಿನ್ ಇಲ್ಲದ ವಿಮಾನ. ಅದನ್ನು ಕಲಿಯಲು ಶನಿವಾರ, ಭಾನುವಾರ ಎರಡೂ ದಿನ ಕ್ಲಬ್ಬಿನಲ್ಲೇ ಕಳೆದರೂ ಗಾಳಿಯಲ್ಲಿರುವುದು ಒಂದು ಗಂಟೆಗಿಂತ ಕಡಿಮೆಯಾಗಬಹುದು. ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ.

ಇಂಗ್ಲೆಂಡಿನ ಡನ್‌ಸ್ಟಬಲ್ ಗುಡ್ಡದ ಬುಡದಲ್ಲಿ ಲಂಡನ್ ಗ್ಲೈಡಿಂಗ್ ಕ್ಲಬ್ ಇದೆ, ಶುರುವಾದದ್ದು 1930ರಲ್ಲಿ. ಇಂಥ ಕಡೆ ವಿಂಚ್ ಯಂತ್ರ ಉದ್ದದ ಹಗ್ಗವನ್ನು ರಭಸದಿಂದ ಸುತ್ತಿಕೊಳ್ಳುತ್ತ, ಗಾಳಿಪಟ ಏರಿಸಿದ ಹಾಗೆ ಗ್ಲೈಡರನ್ನು ಮೇಲಕ್ಕೆಳೆಯುತ್ತದೆ. ಒಂದು ನಿಮಿಷದೊಳಗೆ ಸುಮಾರು 300 ಮೀಟರ್ ಎತ್ತರ! ಆದರೆ ಎಎಸ್‌ಕೆ 21ರಂಥ ಎರಡು ಸೀಟಿನ ತರಬೇತಿ ಗ್ಲೈಡರ್ ಶಾಂತ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 0.7 ಮೀಟರ್ ಇಳಿಯುತ್ತದೆ. ಅಂದರೆ ಏಳು ನಿಮಿಷಕ್ಕೆ ಮತ್ತೆ ನೆಲ. ಬಿಸಿಲಿಗೆ ಕಾದ ಹೊಲದಿಂದ ಬಿಸಿಗಾಳಿ ಏಳುತ್ತಿದ್ದರೆ ಹದ್ದಿನಂತೆ ಸುತ್ತುತ್ತ ಮೇಲೇರಬಹುದು. ಪಶ್ಚಿಮದ ಗಾಳಿ ಗುಡ್ಡಕ್ಕೆ ಬಡಿದು ಮೇಲೇಳುವ ದಿನವಂತೂ ಗಂಟೆಗಟ್ಟಲೆ ತೇಲಬಹುದು.

ಆದರೂ ಕಲಿಯುವವರಿಗೆ ಆ ಏಳು ನಿಮಿಷವೇ ಚಿನ್ನ ಎನ್ನುತ್ತೇನೆ. ಪ್ರತಿ ಬಾರಿಯೂ ಒಂದು ಏರಿಕೆ, ಒಂದು ಇಳಿತ. ಅತಿ ಹೆಚ್ಚು ಅಭ್ಯಾಸ ಬೇಕಾದದ್ದೂ ಅವೇ. ಒಮ್ಮೊಮ್ಮೆ ಬೋಧಕರು ಹೇಳದೆ ಕೇಳದೆ ನಡುವೆಯೇ ಹಗ್ಗ ಬಿಡಿಸಿಬಿಡುತ್ತಾರೆ. ಆಗ ತಕ್ಷಣ ಮೂತಿ ತಗ್ಗಿಸಿ, ವೇಗ ಮರಳುವವರೆಗೆ ಕಾದು, ಆಮೇಲೆಯೇ ತಿರುಗಬೇಕು. ಇದು ಕೈಗೆ ಹತ್ತದೆ ಒಬ್ಬರನ್ನೇ ಹಾರಲು ಬಿಡುವುದಿಲ್ಲ.

ಉಳಿದ ಹೊತ್ತೆಲ್ಲ ನೆಲದ ಕೆಲಸ: ಬೆಳಗಿನ ತಪಾಸಣೆ, ರೆಕ್ಕೆ ಹಿಡಿದು ಓಡುವುದು, ಇಳಿದ ಗ್ಲೈಡರನ್ನು ತಳ್ಳಿ ತರುವುದು, ಹಾರಾಟದ ಸಮಯ ಬರೆದಿಡುವುದು. ಹತ್ತು ಕೈ ಸೇರದೆ ಒಂದು ಗ್ಲೈಡರೂ ಏರದು. ಬೆಚ್ಚನೆಯ ಜಾಕೆಟ್, ಟೋಪಿ, ಬುತ್ತಿ ಮರೆಯಬೇಡಿ.